ಕಳ್ಳಿಗೆ ಯಾವ ನೀರು?

(ಘಟ್ಟದ ಹಳ್ಳಿಗಳ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಲೆನಾಡಿನಲ್ಲಿ ನಿಂತು ‘ಕಳ್ಳಿ ಗಿಡಕ್ಕೆ ಯಾವ ನೀರು ಒಳ್ಳೆಯದು’ ಎಂದು ಕೇಳಿದರೆ ನಗು ಬರುವುದು ಸಹಜ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳದಲ್ಲಿ ಕಾಲಿಟ್ಟರೆ ಹಾವಸೆ ಜಾರುತ್ತದೆ. ಹತ್ತು ದಿನಕ್ಕೊಮ್ಮೆ ಒಂದು ಲೋಟ ನೀರು ಕುಡಿಯುವ ಗಿಡದ ಬಗ್ಗೆ ಇಂತಹ ನಾಡಿನಲ್ಲಿ ಯೋಚಿಸುವುದೇನಿದೆ?

ಯೋಚಿಸಬೇಕಾದುದು ಇದೆ. ಘಟ್ಟದ ಯಾವ ಊರಿನಲ್ಲಾದರೂ ಸಿಕ್ಕಬಹುದಾದ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಜಗುಲಿಯ ಕಂಬಕ್ಕೆ ಕಟ್ಟಿದ ಸೀತಾಳೆ ದಂಡೆ, ಬಚ್ಚಲ ಪಕ್ಕದಲ್ಲಿ ಅಜ್ಜಿಯ ಕಾಲದ ಲೋಳೆಸರ, ಕಟ್ಟೆಯ ಮೇಲೆ ಸೊಸೆ ಪೇಟೆಯಿಂದ ತಂದ ಸಣ್ಣ ಸಣ್ಣ ರಸಭರಿತ ಗಿಡಗಳು. ಅಲ್ಲಿಯವರೆಗೆ ಗುಡ್ಡದಿಂದ ಇಳಿದು ಬರುತ್ತಿದ್ದ ಅಬ್ಬಿ ನೀರು ಒಂದು ಬೇಸಿಗೆಯಲ್ಲಿ ಸೊರಗುತ್ತದೆ. ಮನೆಯವರು ಕೊಳವೆಬಾವಿ ಕೊರೆಸುತ್ತಾರೆ. ನೀರು ಬರುತ್ತದೆ, ಎಲ್ಲರಿಗೂ ಸಮಾಧಾನವಾಗುತ್ತದೆ. ಎರಡು ವರ್ಷದೊಳಗೆ ಸೀತಾಳೆಯ ಬೇರು ಕಪ್ಪಾಗುತ್ತದೆ. ಸಣ್ಣ ಗಿಡಗಳು ಬೆಳವಣಿಗೆ ನಿಲ್ಲಿಸುತ್ತವೆ. ಮಣ್ಣಿನ ಕುಂಡದ ಹೊರಮೈಯಲ್ಲಿ ಬಿಳಿ ಉಂಗುರ ಮೂಡುತ್ತದೆ. ಲೋಳೆಸರ ಮಾತ್ರ ತಾಳಿಕೊಳ್ಳುತ್ತದೆ, ಅದರ ಎಲೆಯ ತುದಿಯೂ ಒಣಗತೊಡಗುತ್ತದೆ. ಗೊಬ್ಬರ ಹೆಚ್ಚಾಯಿತು ಎನ್ನುವವರುಂಟು, ದೃಷ್ಟಿ ತಾಕಿತು ಎನ್ನುವವರೂ ಉಂಟು. ಬದಲಾದುದು ನೀರು ಎಂಬುದು ಯಾರಿಗೂ ಹೊಳೆಯುವುದಿಲ್ಲ. ನೀರು ಕಣ್ಣಿಗೆ ಮೊದಲಿನಷ್ಟೇ ತಿಳಿಯಾಗಿ ಕಾಣುತ್ತಿರುವುದೇ ಇದಕ್ಕೆ ಕಾರಣ.

ಈ ಉಪನ್ಯಾಸದ ವಿಷಯ ಇಷ್ಟೇ: ತಿಳಿನೀರಿನೊಳಗೆ ಏನಿರುತ್ತದೆ, ಕಡಿಮೆ ಕುಡಿಯುವ ಗಿಡವೇ ಅದಕ್ಕೆ ಏಕೆ ಮೊದಲು ಬಲಿಯಾಗುತ್ತದೆ, ಮತ್ತು ಘಟ್ಟದ ಮನೆಯೊಂದು ಯಾವ ನೀರನ್ನು ಆರಿಸಿಕೊಳ್ಳಬೇಕು.

ರಸ ತುಂಬಿದ ಗಿಡಗಳು

ಎಲೆ, ಕಾಂಡ ಅಥವಾ ಬೇರಿನಲ್ಲಿ ನೀರನ್ನು ಕೂಡಿಟ್ಟುಕೊಂಡು ಬರಗಾಲ ಕಳೆಯುವ ಗಿಡಗಳಿಗೆ ರಸಭರಿತ ಸಸ್ಯಗಳೆಂದು ಹೆಸರು. ಇವು ಒಂದೇ ಕುಲದವಲ್ಲ. ಬೇರೆ ಬೇರೆ ಕುಟುಂಬಗಳಿಗೆ ಸೇರಿದ ಗಿಡಗಳು ಒಂದೇ ಉಪಾಯವನ್ನು ಕಂಡುಕೊಂಡಿವೆ. ಲೋಳೆಸರ ಎಲೆಯಲ್ಲಿ ಕೂಡಿಡುತ್ತದೆ. ಚದುರಗಳ್ಳಿ, ಪಾಪಾಸುಕಳ್ಳಿ ಮತ್ತು ಮಂಗರಬಳ್ಳಿ ಕಾಂಡದಲ್ಲಿ ಕೂಡಿಡುತ್ತವೆ. ಕತ್ತಾಳೆ, ದೊಡ್ಡಪತ್ರೆ, ಕಾಡುಬಸಳೆಗಳೂ ಈ ಸಾಲಿಗೆ ಬರುತ್ತವೆ. ಇವುಗಳಲ್ಲಿ ಹಲವು ಹೊರಗಿನಿಂದ ಬಂದವು. ಪಾಪಾಸುಕಳ್ಳಿ ಮತ್ತು ಕತ್ತಾಳೆಯ ತವರು ಅಮೆರಿಕ ಖಂಡ, ಕಾಡುಬಸಳೆಯದು ಮಡಗಾಸ್ಕರ್ ದ್ವೀಪ. ಆದರೂ ಬೇಲಿಯಲ್ಲಿ, ಮನೆಮದ್ದಿನಲ್ಲಿ ಅವು ಬೆರೆತುಹೋಗಿವೆ.

ಮಳೆಕಾಡಿನಲ್ಲೂ ಈ ಜಾತಿಯ ಗಿಡಗಳಿವೆ ಎಂಬುದು ವಿದ್ಯಾರ್ಥಿಗಳಿಗೆ ಆಶ್ಚರ್ಯವಾದೀತು. ಮರದ ಕೊಂಬೆಯ ಮೇಲೆ ಬದುಕುವ ಸೀತಾಳೆ ದಂಡೆಗೆ ನೆಲದ ಆಸರೆಯಿಲ್ಲ. ಮಳೆ ನಿಂತ ಮರುಗಳಿಗೆ ಅದರ ಪಾಲಿಗೆ ಬರ ಆರಂಭವಾಗುತ್ತದೆ. ಆದುದರಿಂದ ಅದರ ಎಲೆ ದಪ್ಪ, ಬೇರಿನ ಸುತ್ತ ನೀರು ಹೀರುವ ಬಿಳಿ ಕವಚ. ತೋಟಗಳಲ್ಲಿ ಬೆಳೆಸುವ ವೆನಿಲ್ಲಾ ಬಳ್ಳಿಯೂ ಇದೇ ಆರ್ಕಿಡ್ ಕುಟುಂಬದ್ದು. ಅದರ ಕಾಂಡ ಮತ್ತು ಎಲೆಯನ್ನು ಮುರಿದರೆ ರಸ ಸುರಿಯುತ್ತದೆ. ಯಾವ ನೀರು ಎಂಬ ಪ್ರಶ್ನೆ ಹಾಗಾಗಿ ಅಲಂಕಾರದ ಕುಂಡಕ್ಕೆ ಸೀಮಿತವಾದುದಲ್ಲ.

ಬೆಳಗಿನ ಹುಳಿ, ಮಧ್ಯಾಹ್ನದ ಸಪ್ಪೆ

ಈ ಗಿಡಗಳು ನೀರನ್ನು ಉಳಿಸುವ ರೀತಿಯ ಬಗ್ಗೆ ಮೊದಲ ಸುಳಿವುಗಳಲ್ಲಿ ಒಂದು ದೊರೆತದ್ದು ಭಾರತದಲ್ಲಿಯೇ. ಜರ್ಮನಿಯಲ್ಲಿ ಹುಟ್ಟಿದ ಬೆಂಜಮಿನ್ ಹೈನೆ ಈಸ್ಟ್ ಇಂಡಿಯಾ ಕಂಪನಿಯ ಸಸ್ಯವಿಜ್ಞಾನಿಯಾಗಿದ್ದವನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರದ ವರ್ಷಗಳಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಉಸ್ತುವಾರಿಯನ್ನೂ ಕೆಲಕಾಲ ವಹಿಸಿದ್ದವನು. ಕಾಡುಬಸಳೆಯ ಎಲೆಯನ್ನು ಅವನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಅಗಿದು ನೋಡಿದ. ಬೆಳಿಗ್ಗೆ ಎಲೆ ಹುಳಿಯಾಗಿತ್ತು, ಮಧ್ಯಾಹ್ನ ಸಪ್ಪೆಯಾಗಿತ್ತು, ಸಂಜೆಯ ಹೊತ್ತಿಗೆ ತುಸು ಕಹಿಯಾಗಿತ್ತು. ಈ ಸಂಗತಿ ಲಂಡನ್ನಿನ ಲಿನಿಯನ್ ಸೊಸೈಟಿಯ ಪತ್ರಿಕೆಯಲ್ಲಿ 1815ರಲ್ಲಿ ಅಚ್ಚಾಯಿತು.

ಇದರ ಅರ್ಥ ಬಿಡಿಸಲು ಮುಂದಿನ ಪೀಳಿಗೆಗಳ ವಿಜ್ಞಾನಿಗಳು ಬೇಕಾದರು. ಸಾಮಾನ್ಯ ಗಿಡ ಹಗಲಿನಲ್ಲಿ ಎಲೆಯ ಪತ್ರರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡ್ ಪಡೆಯುತ್ತದೆ. ಆ ಬಾಗಿಲು ತೆರೆದಿರುವಷ್ಟು ಹೊತ್ತೂ ಒಳಗಿನ ನೀರು ಆವಿಯಾಗಿ ಹೊರಹೋಗುತ್ತದೆ. ಕಾಡುಬಸಳೆಯಂತಹ ಗಿಡಗಳು ಬಿಸಿಲಿನಲ್ಲಿ ಬಾಗಿಲು ಮುಚ್ಚಿ, ರಾತ್ರಿಯ ತಂಪಿನಲ್ಲಿ ತೆರೆಯುತ್ತವೆ. ರಾತ್ರಿ ಒಳಬಂದ ಅನಿಲವನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ಬಿಸಿಲು ಬಂದಾಗ ಆಹಾರ ತಯಾರಿಕೆಗೆ ಬಳಸುತ್ತವೆ. ಬೆಳಗಿನ ಎಲೆ ಹುಳಿಯಾಗಿರುವುದು ಇದರಿಂದಲೇ. ಶಾಲೆಯ ಪ್ರಯೋಗಶಾಲೆಯಲ್ಲಿ ಲಿಟ್ಮಸ್ ಅಥವಾ ಪಿಎಚ್ ಕಾಗದ ಇದ್ದರೆ ಬೆಳಿಗ್ಗೆ ಏಳು ಗಂಟೆಗೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ ಎಲೆಯ ರಸವನ್ನು ಪರೀಕ್ಷಿಸಿ ವ್ಯತ್ಯಾಸ ಕಾಣಬಹುದು. ಹೈನೆಯಂತೆ ಅಗಿಯುವುದು ಬೇಡ. ಈ ಗಿಡದಲ್ಲಿ ಹೃದಯಕ್ಕೆ ಹಾನಿ ಮಾಡುವ ಅಂಶಗಳಿವೆ, ಮೇಯ್ದ ದನಕರುಗಳೂ ಸತ್ತದ್ದುಂಟು.

ನೀರಿನ ಆಯ್ಕೆಗೂ ಇದಕ್ಕೂ ಸಂಬಂಧವಿದೆ. ನೀರನ್ನು ಬಿಡದೆ ಹಿಡಿದುಕೊಳ್ಳುವ ಗಿಡಕ್ಕೆ ಕೊಡುವ ನೀರೂ ಕಡಿಮೆ. ಕುಂಡದ ತಳದಿಂದ ನೀರು ಹರಿದುಹೋಗುವುದು ಅಪರೂಪ. ನೀರು ಆವಿಯಾಗುತ್ತದೆ, ನೀರಿನಲ್ಲಿ ಕರಗಿದ್ದ ಉಪ್ಪು ಮಾತ್ರ ಮಣ್ಣಿನಲ್ಲಿಯೇ ಉಳಿಯುತ್ತದೆ. ದಿನವೂ ನೀರುಣ್ಣುವ ತರಕಾರಿ ಮಡಿಯಲ್ಲಿ ಉಪ್ಪು ಕೆಳಗೆ ತೊಳೆದುಹೋಗಬಹುದು. ಕಳ್ಳಿಯ ಕುಂಡದಲ್ಲಿ ಅದಕ್ಕೆ ದಾರಿಯಿಲ್ಲ.

ಒಂದು ಲೆಕ್ಕ

ಸಣ್ಣ ಕುಂಡವೊಂದಕ್ಕೆ ಹತ್ತು ದಿನಕ್ಕೊಮ್ಮೆ 250 ಮಿಲಿಲೀಟರ್ ನೀರು ಹಾಕುತ್ತಾರೆ ಎಂದಿಟ್ಟುಕೊಳ್ಳಬಹುದು. ಮಳೆಗಾಲದ ನಾಲ್ಕು ತಿಂಗಳು ಬಿಟ್ಟರೆ ಉಳಿದ ಎಂಟು ತಿಂಗಳಲ್ಲಿ 24 ಬಾರಿ, ಅಂದರೆ ವರ್ಷಕ್ಕೆ 6 ಲೀಟರ್. ಲೀಟರಿಗೆ 800 ಮಿಲಿಗ್ರಾಂ ಲವಣ ಕರಗಿರುವ ಕೊಳವೆಬಾವಿಯ ನೀರಾದರೆ ವರ್ಷಕ್ಕೆ 4.8 ಗ್ರಾಂ ಲವಣ ಕುಂಡ ಸೇರುತ್ತದೆ. ಮೂರು ವರ್ಷಕ್ಕೆ ಅದು 14.4 ಗ್ರಾಂ, ಅಂದರೆ ಸುಮಾರು ಎರಡೂವರೆ ಚಹಾ ಚಮಚ. ಲೀಟರಿಗೆ 50 ಮಿಲಿಗ್ರಾಂ ಲವಣವಿರುವ ತೊರೆಯ ನೀರಾದರೆ ವರ್ಷಕ್ಕೆ 0.3 ಗ್ರಾಂ ಮಾತ್ರ. ಲೀಟರಿಗೆ 20 ಮಿಲಿಗ್ರಾಂ ಇರುವ ಮಳೆನೀರಾದರೆ 0.12 ಗ್ರಾಂ.

ಅಂಗೈಯಗಲದ ಕುಂಡದಲ್ಲಿ ಎರಡೂವರೆ ಚಮಚ ಲವಣ ಸಣ್ಣ ಮಾತಲ್ಲ. ಅದರಲ್ಲಿ ಒಂದು ಭಾಗ ಸುಣ್ಣವಾಗಿ ಗಟ್ಟಿಕಟ್ಟುತ್ತದೆ, ಉಳಿದದ್ದು ಬೇರಿನ ಸುತ್ತ ಕರಗುವ ಉಪ್ಪಾಗಿ ನಿಲ್ಲುತ್ತದೆ. ಅಪ್ಪೆಮಿಡಿಯನ್ನು ಉಪ್ಪಿಗೆ ಹಾಕಿದ ತಾಯಂದಿರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ನಾಲ್ಕಾರು ದಿನದಲ್ಲಿ ಮಿಡಿ ಚಿರುಟಿ, ಅದರ ನೀರೆಲ್ಲ ಹೊರಬಂದು ಭರಣಿಯಲ್ಲಿ ನಿಂತಿರುತ್ತದೆ. ಉಪ್ಪು ಹೆಚ್ಚಿರುವ ಕಡೆಗೆ ನೀರು ಹರಿಯುತ್ತದೆ. ಕುಂಡದ ಮಣ್ಣಿನಲ್ಲಿ ಉಪ್ಪು ಹೆಚ್ಚಿದಾಗ ಬೇರಿಗೂ ಅದೇ ಗತಿ. ಮಣ್ಣು ಒದ್ದೆಯಾಗಿದ್ದರೂ ಬೇರು ನೀರು ಪಡೆಯಲಾರದು. ಎಲೆ ಸುಕ್ಕುಗಟ್ಟುವುದನ್ನು ಕಂಡ ಮನೆಯವರು ಬಾಯಾರಿದೆ ಎಂದು ಅದೇ ನೀರನ್ನು ಮತ್ತಷ್ಟು ಸುರಿಯುತ್ತಾರೆ.

ಎಲ್ಲ ರಸಭರಿತ ಸಸ್ಯಗಳೂ ಉಪ್ಪಿಗೆ ಹೆದರುತ್ತವೆ ಎಂದಲ್ಲ. ಕರಾವಳಿಯ ಅಳಿವೆಗಳ ಬದಿಯಲ್ಲಿ ಉಪ್ಪುನೀರು ಮುಟ್ಟುವ ಕೆಸರಿನಲ್ಲಿಯೇ ಬೆಳೆಯುವ ದಪ್ಪ ಎಲೆಯ ಗಿಡಗಳಿವೆ. ಒಳಗೆ ಸೇರಿದ ಉಪ್ಪನ್ನು ತೆಳುವಾಗಿಸಲೆಂದೇ ಅವು ರಸ ತುಂಬಿಕೊಳ್ಳುತ್ತವೆ. ಲೋಳೆಸರಕ್ಕೂ ಸಾಕಷ್ಟು ಸಹನೆಯಿದೆ. ಆರ್ಕಿಡ್‌ಗಳಿಗೆ ಬಹಳ ಕಡಿಮೆ. ಹೀಗಾಗಿ ಮನೆಯ ಕಂಬದ ಸೀತಾಳೆ ಮೊದಲು ಹೋಯಿತು, ಲೋಳೆಸರ ಕೊನೆಯವರೆಗೂ ನಿಂತಿತು.

ಮೋಡದಿಂದ ಬಂಡೆಯವರೆಗೆ

ನೀರಿಗೆ ಈ ಲವಣ ಸೇರುವುದು ಹಾದಿಯಲ್ಲಿ. ಮೋಡದಿಂದ ಬೀಳುವ ಹನಿಯಲ್ಲಿ ಲವಣ ಅತ್ಯಲ್ಪ. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿರುವುದರಿಂದ ಶುದ್ಧ ಮಳೆನೀರಿನ ಪಿಎಚ್ ಸುಮಾರು 5.6, ಅಂದರೆ ತುಸು ಆಮ್ಲೀಯ. ಆ ಹನಿ ಮಣ್ಣಿಗಿಳಿದಾಗ ಬೇರು ಮತ್ತು ಸೂಕ್ಷ್ಮಜೀವಿಗಳು ಉಸಿರಾಡಿ ಬಿಟ್ಟ ಅದೇ ಅನಿಲ ಇನ್ನಷ್ಟು ಸೇರಿ ಆಮ್ಲತೆ ಏರುತ್ತದೆ. ಈ ಮೃದು ಆಮ್ಲವೇ ಬಂಡೆಯನ್ನು ನಿಧಾನವಾಗಿ ಕರಗಿಸಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಮತ್ತು ಬೈಕಾರ್ಬನೇಟ್‌ಗಳನ್ನು ನೀರಿಗೆ ಸೇರಿಸುತ್ತದೆ. ನೀರು ಬಂಡೆಯ ಸಂಗದಲ್ಲಿ ಹೆಚ್ಚು ಕಾಲ ಇದ್ದಷ್ಟೂ ಲವಣ ಹೆಚ್ಚು. ತೊರೆ, ಒರತೆ ಮತ್ತು ಆಳವಿಲ್ಲದ ಬಾವಿಯ ನೀರು ಸಾಮಾನ್ಯವಾಗಿ ಮೆದುವಾಗಿರುವುದೂ, ನೂರಾರು ಅಡಿ ಆಳದ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತ ನೀರು ಗಡಸಾಗಿರುವುದೂ ಈ ಕಾರಣಕ್ಕೆ. ಮಳೆ ಕಡಿಮೆಯಿರುವ ಕೋಲಾರ, ಚಿತ್ರದುರ್ಗ, ಗದಗಗಳ ಬಯಲಿನಲ್ಲಿ ಕೊಳವೆಬಾವಿಯ ನೀರು ಸವುಳಾಗಿರುವುದು ಹೆಚ್ಚು. ಮಲೆನಾಡಿನಲ್ಲಿ ಮಣ್ಣನ್ನು ಪ್ರತಿವರ್ಷ ಮಳೆಯೇ ತೊಳೆಯುವುದರಿಂದ ಮೇಲ್ಪದರದ ನೀರು ಹಗುರ.

ಗಡಸು ನೀರಿನ ಇನ್ನೊಂದು ತೊಂದರೆ ಬೈಕಾರ್ಬನೇಟ್. ಅದು ಮಣ್ಣಿನ ಆಮ್ಲತೆಯನ್ನು ಸ್ವಲ್ಪ ಸ್ವಲ್ಪವಾಗಿ ಕಳೆಯುತ್ತದೆ. ಮಣ್ಣು ಕ್ಷಾರೀಯವಾದಾಗ ಅದರಲ್ಲಿ ಕಬ್ಬಿಣವಿದ್ದರೂ ಬೇರಿಗೆ ಎಟುಕುವುದಿಲ್ಲ. ಹೊಸ ಎಲೆಗಳು ಹಳದಿ ತಿರುಗುತ್ತವೆ.

ಅಂಕಿಗಳ ಅಳತೆಗೋಲು ಬೇಕಾದವರಿಗೆ ಕೆಲವು ಗುರುತುಗಳಿವೆ. ಗಡಸುತನ ಲೀಟರಿಗೆ 60 ಮಿಲಿಗ್ರಾಂವರೆಗೆ ಇದ್ದರೆ ಮೆದು ನೀರು, 180ನ್ನು ದಾಟಿದರೆ ಬಹಳ ಗಡಸು. ನೀರಾವರಿ ನೀರಿನ ವಿದ್ಯುತ್ ವಾಹಕತೆ ಸೆಂಟಿಮೀಟರಿಗೆ 250 ಮೈಕ್ರೊಸೀಮೆನ್ಸ್‌ಗಿಂತ ಕೆಳಗಿದ್ದರೆ ಲವಣದ ಭಯ ಕಡಿಮೆ ಎಂದು ಅಮೆರಿಕದ ಕೃಷಿ ಇಲಾಖೆ 1954ರ ಕೈಪಿಡಿಯಲ್ಲಿ ವರ್ಗೀಕರಿಸಿತು. ಭಾರತೀಯ ಮಾನಕ ಬ್ಯೂರೊ 2012ರಲ್ಲಿ ಪರಿಷ್ಕರಿಸಿದ ಕುಡಿಯುವ ನೀರಿನ ಮಾನದಂಡದಲ್ಲಿ ಕರಗಿದ ಲವಣದ ಅಪೇಕ್ಷಿತ ಮಿತಿ ಲೀಟರಿಗೆ 500 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 2,000ದವರೆಗೆ ಅವಕಾಶ. ಇಲ್ಲಿ ಒಂದು ಎಚ್ಚರ ಅಗತ್ಯ. ಮನುಷ್ಯ ಕುಡಿದು ಆರೋಗ್ಯವಾಗಿರಬಹುದಾದ ನೀರು ಕುಂಡದ ಗಿಡಕ್ಕೂ ಒಳ್ಳೆಯದೆಂದು ತಿಳಿಯುವಂತಿಲ್ಲ. ಮನುಷ್ಯನಿಗೆ ಮೂತ್ರಪಿಂಡಗಳಿವೆ, ಕುಂಡಕ್ಕೆ ತಳದ ತೂತು ಮಾತ್ರ ಇದೆ.

ಅಡುಗೆಮನೆಯ ಪರೀಕ್ಷೆ

ಮಾಪಕವಿಲ್ಲದ ಮನೆಯಲ್ಲೂ ನೀರನ್ನು ಅರಿಯುವ ಉಪಾಯಗಳಿವೆ. ‘ಈ ನೀರಿನಲ್ಲಿ ಬೇಳೆ ಬೇಯುವುದಿಲ್ಲ’ ಎಂದು ಹೆಂಗಸರು ಹೇಳುವ ಮಾತು ಗಡಸುತನದ ನಿಖರವಾದ ಸೂಚನೆ. ಸಾಬೂನು ನೊರೆಗಟ್ಟದೆ ಮೊಸರಿನಂತೆ ಒಡೆದರೆ ಅದೂ ಅದನ್ನೇ ಹೇಳುತ್ತದೆ. ಬಚ್ಚಲ ಹಂಡೆಯ ಒಳಮೈಗೆ ಬಿಳಿ ಪದರ ಕಟ್ಟಿದ್ದರೆ ಅದೇ ಸುಣ್ಣ ಕುಂಡದಲ್ಲೂ ಕಟ್ಟುತ್ತಿದೆ. ಎರಡು ಸ್ಟೀಲ್ ತಟ್ಟೆಗಳಲ್ಲಿ ಮಳೆನೀರನ್ನೂ ಕೊಳವೆಬಾವಿಯ ನೀರನ್ನೂ ಸಮಪ್ರಮಾಣದಲ್ಲಿ ಹಾಕಿ ಬಿಸಿಲಿನಲ್ಲಿ ಒಣಗಿಸಿ, ಉಳಿದ ಕಲೆಯನ್ನು ಹೋಲಿಸಿದರೆ ಮಕ್ಕಳಿಗೂ ಸಂಗತಿ ಮನದಟ್ಟಾಗುತ್ತದೆ. ಬಕೆಟಿನಲ್ಲಿ ರಾತ್ರಿಯಿಟ್ಟ ನೀರು ಬೆಳಿಗ್ಗೆ ಕೆಂಪಾದರೆ ಅದರಲ್ಲಿ ಕಬ್ಬಿಣವಿದೆ. ಇದು ಜಂಬಿಟ್ಟಿಗೆ ನೆಲದಲ್ಲಿ ಸಾಮಾನ್ಯ. ಅಂತಹ ನೀರನ್ನು ಅಗಲ ಪಾತ್ರೆಯಲ್ಲಿ ಗಾಳಿಗೆ ಬಿಟ್ಟು, ಕೆಂಪು ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಬಳಸಬೇಕು.

ಗಿಡದ ಮೈಮೇಲಿನ ಬಿಳಿಯೆಲ್ಲ ಲವಣವಲ್ಲ. ಕೆಲವು ಗಿಡಗಳಿಗೆ ಹುಟ್ಟಿನಿಂದಲೇ ಬೂದಿಯಂತಹ ಮೇಣದ ಲೇಪವಿರುತ್ತದೆ. ಅದು ಬಿಸಿಲಿನಿಂದ ರಕ್ಷಿಸುವ ಹೊದಿಕೆ, ಒರೆಸಬಾರದು. ಎಲೆಯ ಸಂದಿಯಲ್ಲಿ ಹತ್ತಿಯಂತೆ ಕಂಡು, ಕಡ್ಡಿ ತಾಗಿಸಿದರೆ ಅಂಟುವುದು ಹಿಟ್ಟುತಿಗಣೆ. ಒಣಗಿದ ಹನಿಯ ಆಕಾರದಲ್ಲಿ ಗಟ್ಟಿಯಾಗಿ ಕುಳಿತ ಕಲೆ ಮಾತ್ರ ನೀರಿನದು.

ಒಂದೊಂದಾಗಿ ನೀರಿನ ಮೂಲಗಳು

ಮಳೆನೀರಿಗೆ ಮೊದಲ ಸ್ಥಾನ. ಹೆಂಚಿನ ಮಾಡಿನಿಂದ ಇಳಿದ ನೀರು ಯೋಗ್ಯ. ಋತುವಿನ ಮೊದಲ ಮಳೆಗಳ ನೀರನ್ನು ಹರಿಯಬಿಡಬೇಕು. ಬೇಸಿಗೆಯ ಧೂಳು, ಹಕ್ಕಿಯ ಹಿಕ್ಕೆ, ಒಲೆಯ ಮಸಿ ಅದರಲ್ಲಿರುತ್ತವೆ.

ಎರಡನೆಯದು ಅಡಿಕೆ ದಬ್ಬೆಯಲ್ಲಾಗಲಿ ಪೈಪಿನಲ್ಲಾಗಲಿ ಗುಡ್ಡದಿಂದ ಇಳಿದು ಬರುವ ಅಬ್ಬಿ ನೀರು, ತೆರೆದ ಬಾವಿಯ ನೀರು, ದಕ್ಷಿಣ ಕನ್ನಡ ಮತ್ತು ಕಾಸರಗೋಡು ಸೀಮೆಯ ಸುರಂಗದ ನೀರು. ಇವು ಬಹುಮಟ್ಟಿಗೆ ಮೆದು. ಬಿಸಿಲಿನಲ್ಲಿ ಬಿದ್ದಿರುವ ಕಪ್ಪು ಪೈಪಿನಿಂದ ಮೊದಲು ಬರುವ ಬಿಸಿನೀರನ್ನು ಹೊರಚೆಲ್ಲಿಯೇ ಗಿಡಕ್ಕೆ ಹಿಡಿಯಬೇಕು. ತೊರೆಯ ಮೇಲ್ಗಡೆ ಕಾಫಿ ಹಣ್ಣು ಪಲ್ಪಿಂಗ್ ಮಾಡುವ ದಿನಗಳಲ್ಲಿ ಆ ನೀರನ್ನು ಎತ್ತಬಾರದು. ಹಣ್ಣಿನ ಲೋಳೆ ಹುಳಿತು ಬಂದ ನೀರು ಮೀನಿಗೂ ಆಗದು, ಬೇರಿಗೂ ಆಗದು.

ಬ್ಲೀಚಿಂಗ್ ಪುಡಿ ಹಾಕಿದ ನಲ್ಲಿಯ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಇಟ್ಟರೆ ಕ್ಲೋರಿನ್ ಹೊರಟುಹೋಗುತ್ತದೆ. ಕ್ಲೋರಿನ್‌ಗೆ ಅಮೋನಿಯ ಸೇರಿಸಿ ಶುದ್ಧೀಕರಿಸುವ ಪದ್ಧತಿ ಇರುವ ನಗರಗಳಲ್ಲಿ ಈ ಉಪಾಯ ಸಾಲದು. ಇಟ್ಟ ಮಾತ್ರಕ್ಕೆ ಗಡಸುತನ ಹೋಗುವುದೂ ಇಲ್ಲ.

ಕೊಳವೆಬಾವಿಯ ಗಡಸು ನೀರು ಅನಿವಾರ್ಯವಾದರೆ ಅದಕ್ಕೆ ಸಮನಾಗಿ ಮಳೆನೀರು ಬೆರೆಸಬೇಕು. ಆಗ ಲವಣ ಹತ್ತಿರಹತ್ತಿರ ಅರ್ಧಕ್ಕಿಳಿಯುತ್ತದೆ. ಕುದಿಸಿ ಆರಿಸಿದರೆ ಸುಣ್ಣದ ಒಂದು ಭಾಗ ತಳದಲ್ಲಿ ಕೂರುತ್ತದೆ. ನಿಂಬೆರಸದ ಹನಿ ಬೈಕಾರ್ಬನೇಟನ್ನು ಇಳಿಸುತ್ತದೆ, ಸೋಡಿಯಂ ಮತ್ತು ಕ್ಲೋರೈಡ್‌ಗಳನ್ನು ಇಳಿಸಲಾರದು.

ಗಡಸು ನೀರನ್ನು ಮೆದುವಾಗಿಸುವ ಯಂತ್ರದ ನೀರು ಗಿಡಕ್ಕೆ ವರ್ಜ್ಯ. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ. ಸಾಬೂನು ನೊರೆಗಟ್ಟುತ್ತದೆ, ಬೇರು ಮಾತ್ರ ಸುಡುತ್ತದೆ. ಕುಡಿಯುವ ನೀರಿನ ಆರ್‌ಓ ಯಂತ್ರದಿಂದ ಹೊರಬೀಳುವ ತ್ಯಾಜ್ಯ ನೀರನ್ನು ಹಾಳುಮಾಡಬಾರದೆಂಬ ಸದುದ್ದೇಶದಿಂದ ಕುಂಡಕ್ಕೆ ಸುರಿಯುವ ರೂಢಿ ಪೇಟೆಗಳಲ್ಲಿ ಬೆಳೆದಿದೆ. ಶುದ್ಧ ನೀರಿನಿಂದ ಬೇರ್ಪಟ್ಟ ಲವಣವೆಲ್ಲ ಅದರಲ್ಲಿಯೇ ಸಾಂದ್ರವಾಗಿರುತ್ತದೆ. ನೆಲ ಒರೆಸಲು, ಬಚ್ಚಲು ತೊಳೆಯಲು ಅದು ಸಾಕು.

ಬೋರ್ಡೊ ದ್ರಾವಣದ ಡ್ರಮ್ಮಿನ ಬಗ್ಗೆ ಅಡಿಕೆ ಬೆಳೆಗಾರರಿಗೆ ವಿಶೇಷ ಸೂಚನೆ ಬೇಕು. ಶೇಕಡಾ ಒಂದರ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ ಇರುತ್ತದೆ. ಅದರ ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ. ಕೊಳೆರೋಗಕ್ಕೆ ಔಷಧಿ ಕಲಸಿದ ಡ್ರಮ್ಮನ್ನು ಎಷ್ಟು ತೊಳೆದರೂ ಮಳೆನೀರಿನ ಸಂಗ್ರಹಕ್ಕೆ ಬಳಸಬಾರದು.

ಒಳ್ಳೆಯ ನೀರು, ಕೆಟ್ಟ ಹೊತ್ತು

ಮಲೆನಾಡಿನ ಮಟ್ಟಿಗೆ ಇಲ್ಲೊಂದು ವಿಚಿತ್ರವಿದೆ. ಕಳ್ಳಿಗೆ ಅತ್ಯುತ್ತಮವಾದ ನೀರು ಆಕಾಶದಿಂದ ಧಾರಾಳವಾಗಿ ಬೀಳುತ್ತದೆ. ಆದರೆ ಅದು ಬೀಳುವುದು ಕಳ್ಳಿಗೆ ನೀರು ಬೇಡವಾದ ಕಾಲದಲ್ಲಿ. ಆಟಿ, ಶ್ರಾವಣದ ಜಡಿಮಳೆಯಲ್ಲಿ ತೆರೆದಿಟ್ಟ ಕುಂಡದ ಮಣ್ಣಿನಿಂದ ಗಾಳಿ ಹೊರಹೋಗಿ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಘಟ್ಟದಲ್ಲಿ ಸಾಯುವ ರಸಭರಿತ ಗಿಡಗಳಲ್ಲಿ ಹೆಚ್ಚಿನವು ಕೆಟ್ಟ ನೀರಿನಿಂದ ಸಾಯುವುದಿಲ್ಲ, ಹೆಚ್ಚಾದ ಒಳ್ಳೆಯ ನೀರಿನಿಂದ ಸಾಯುತ್ತವೆ.

ಈ ತೊಡಕಿಗೆ ಪರಿಹಾರ ಸರಳ. ಮುಂಗಾರಿನ ಆರಂಭದಲ್ಲಿ ಒಂದೆರಡು ದಿನ ಕುಂಡಗಳನ್ನು ಮಳೆಗೊಡ್ಡಬೇಕು. ವರ್ಷವಿಡೀ ಕೂಡಿದ್ದ ಕರಗುವ ಲವಣ ತೊಳೆದು ತಳದಿಂದ ಹೊರಹೋಗುತ್ತದೆ. ನಂತರ ಜಗುಲಿಯ ಮಾಡಿನಡಿ, ಬೆಳಕು ಮತ್ತು ಗಾಳಿಯಿರುವಲ್ಲಿ ಸೇರಿಸಬೇಕು. ಮಣ್ಣಿಗೆ ಮರಳು, ಜಂಬಿಟ್ಟಿಗೆ ಚೂರು, ಸ್ವಲ್ಪ ಹಳೆಯ ಗೊಬ್ಬರ ಬೆರೆತಿರಬೇಕು, ಕುಂಡದ ತಳ ತೂತಾಗಿರಬೇಕು. ಬೇಸಿಗೆಯಲ್ಲಿ ದಿನಕ್ಕೊಂದು ಚಮಚದಂತೆ ಚಿಮುಕಿಸುವ ಬದಲು, ಮಣ್ಣು ಪೂರ್ತಿ ಒಣಗಿದ ಮೇಲೆ ಒಮ್ಮೆ ತಳದಿಂದ ಹೊರಬರುವಷ್ಟು ಹಾಕಬೇಕು. ಹೊರಬಂದ ನೀರನ್ನು ತಟ್ಟೆಯಲ್ಲಿ ನಿಲ್ಲಗೊಡಬಾರದು.

ಬೇಸಿಗೆಗೆ ಮಳೆನೀರನ್ನು ಉಳಿಸುವುದು ಕಷ್ಟವೆಂದು ತಿಳಿಯಬೇಕಿಲ್ಲ. ನಲವತ್ತು ಕುಂಡಗಳಿಗೆ ಒಂದು ಸಲಕ್ಕೆ 10 ಲೀಟರ್ ಬೇಕು. ಡಿಸೆಂಬರ್‌ನಿಂದ ಮೇವರೆಗೆ 18 ಸಲ ಹಾಕಿದರೆ 180 ಲೀಟರ್. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹತ್ತು ಚದರ ಮೀಟರ್ ಮಾಡಿನ ಮೇಲೆ 25 ಮಿಲಿಮೀಟರಿನ ಒಂದೇ ಮಳೆ ಸುರಿದರೆ 250 ಲೀಟರ್, ಐದನೆಯ ಒಂದು ಪಾಲು ಚೆಲ್ಲಿಹೋದರೂ 200 ಲೀಟರ್. ಅಕ್ಟೋಬರಿನ ಚಿತ್ತೆ, ಸ್ವಾತಿ ಮಳೆಗಳು ಬರುವ ಹೊತ್ತಿಗೆ ಮುಂಗಾರು ಮಾಡನ್ನು ತೊಳೆದು ಚೊಕ್ಕಟ ಮಾಡಿರುತ್ತದೆ. ಆಗ ಒಂದು ಡ್ರಮ್ಮು ತುಂಬಿಸಿಟ್ಟರೆ ಮುಂದಿನ ಬೇಸಿಗೆ ಕಳೆಯುತ್ತದೆ. ಡ್ರಮ್ಮಿನ ಬಾಯಿಗೆ ಬಟ್ಟೆ ಬಿಗಿದು ಮುಚ್ಚಳ ಹಾಕುವುದನ್ನು ಮರೆಯಬಾರದು. ತೆರೆದ ಮಳೆನೀರು ಡೆಂಗಿ ಸೊಳ್ಳೆಯ ತೊಟ್ಟಿಲು.

ಗಿಡದ ಸಾಕ್ಷಿ

ವರ್ಷಕ್ಕೆ ಆರು ಲೀಟರ್ ನೀರು ಸಾಕೆನ್ನುವ ಗಿಡಕ್ಕಾಗಿ ಯಾರೂ ಕೊಳವೆಬಾವಿ ಕೊರೆಸುವುದಿಲ್ಲ. ತೋಟಕ್ಕಾಗಿ ಕೊರೆಸುತ್ತಾರೆ, ಹೋಂಸ್ಟೇಗಾಗಿ ಕೊರೆಸುತ್ತಾರೆ. ಆಳದ ಬಿರುಕಿಗೂ ಗುಡ್ಡದ ಬದಿಯ ಒರತೆಗೂ ನೆಲದೊಳಗೆ ನಂಟಿದ್ದರೆ ಒಂದರಿಂದ ಎತ್ತಿದ ನೀರು ಇನ್ನೊಂದನ್ನು ಬತ್ತಿಸಬಹುದು. ಒರತೆ ಬತ್ತಿದ ಊರಿನಲ್ಲಿ ಮತ್ತೊಂದು ಕೊಳವೆಬಾವಿ ಬೇಕಾಗುತ್ತದೆ. ಮೆದು ನೀರಿನ ನಾಡು ಹೀಗೆ ಸದ್ದಿಲ್ಲದೆ ಗಡಸು ನೀರಿನ ನಾಡಾಗುತ್ತ ಸಾಗಿದರೆ ಅಡುಗೆಮನೆಯ ಬೇಳೆ, ಬಚ್ಚಲ ಹಂಡೆ, ತೋಟದ ಮಣ್ಣು ಎಲ್ಲದಕ್ಕೂ ಅದು ತಟ್ಟುತ್ತದೆ. ಕುಂಡದ ಬಿಳಿ ಉಂಗುರ ಅದನ್ನು ಎಲ್ಲರಿಗಿಂತ ಮೊದಲು ತೋರಿಸುತ್ತದೆ. ಹೊಸ ಗಿಡ ತಂದು ನೆಡುವ ಮುನ್ನ ಸತ್ತ ಗಿಡದ ಕುಂಡವನ್ನು ಒಮ್ಮೆ ತಿರುಗಿಸಿ ನೋಡುವುದು ಲೇಸು.

ಇದಕ್ಕೆ ಅಂಟಿಕೊಂಡ ಇನ್ನೊಂದು ಮಾತೂ ಇದೆ. ಸತ್ತ ಸೀತಾಳೆಯ ಜಾಗಕ್ಕೆ ಕಾಡಿನಿಂದ ಇನ್ನೊಂದನ್ನು ಕಿತ್ತು ತರುವುದು ಘಟ್ಟದಲ್ಲಿ ಸುಲಭ. ಅದೇ ನೀರು ಹಾಕಿದರೆ ಅದೂ ಸಾಯುತ್ತದೆ, ಕಾಡಿಗೂ ಒಂದು ನಷ್ಟ. ದಕ್ಷಿಣ ಆಫ್ರಿಕ ಮತ್ತು ನಮೀಬಿಯದಲ್ಲಿ ಹಬ್ಬಿರುವ ಕರೂ ಎಂಬ ಒಣಸೀಮೆ ಪಶ್ಚಿಮ ಘಟ್ಟದಂತೆಯೇ ಜೀವವೈವಿಧ್ಯದ ಸೂಕ್ಷ್ಮತಾಣವೆಂದು ಗುರುತಿಸಲ್ಪಟ್ಟಿದೆ. ಬೆರಳ ತುದಿಯಷ್ಟಿರುವ ಅಲ್ಲಿನ ರಸಭರಿತ ಗಿಡಗಳನ್ನು 2019ರಿಂದೀಚೆಗೆ ಕಳ್ಳರು ಭಾರಿ ಪ್ರಮಾಣದಲ್ಲಿ ಕಿತ್ತು, ಜಗತ್ತಿನ ಕಿಟಕಿಕಟ್ಟೆಗಳಿಗೆ ಸಾಗಿಸುತ್ತ ಬಂದಿದ್ದಾರೆ. ಕಾಡಿನ ಗಿಡ ಕಾಡಿನಲ್ಲಿರಲಿ. ಲೋಳೆಸರದ ಮರಿ, ಕಾಡುಬಸಳೆಯ ಎಲೆ, ಮಂಗರಬಳ್ಳಿಯ ತುಂಡು ನೆರೆಮನೆಯಲ್ಲಿ ಕೇಳಿದರೆ ಸಿಕ್ಕುತ್ತವೆ. ನರ್ಸರಿಯಿಂದ ತರುವವರು ಸಸಿ ಬೆಳೆಸಿದ್ದೋ ಕಿತ್ತದ್ದೋ ಎಂದು ಕೇಳಿ ತರಲಿ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಸೂಚಿಸಿ ಈ ಮಾತುಗಳನ್ನು ಮುಗಿಸಬಹುದು. ಪ್ರತಿ ಶಾಲೆಯೂ ಒಂದು ಟಿಡಿಎಸ್ ಮಾಪಕ ಮತ್ತು ಪಿಎಚ್ ಕಾಗದ ಇಟ್ಟುಕೊಳ್ಳಲಿ. ಊರಿನ ತೊರೆ, ಬಾವಿ, ಕೆರೆ ಮತ್ತು ಕೊಳವೆಬಾವಿಗಳ ನೀರನ್ನು ಮಳೆ ಬಿಟ್ಟ ಮೇಲೆ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ ಅಳೆದು, ದಿನಾಂಕ ಮತ್ತು ಜಾಗದೊಂದಿಗೆ ಪುಸ್ತಕದಲ್ಲಿ ಬರೆದಿಡಲಿ. ಐದು ವರ್ಷ ಬರೆದರೆ ಊರಿನ ನೀರು ಯಾವ ಕಡೆಗೆ ಸಾಗಿದೆ ಎಂಬುದು ಆ ಪುಟಗಳಲ್ಲಿ ಸ್ಪಷ್ಟವಾಗುತ್ತದೆ. ಹೊಸ ಕೊಳವೆಬಾವಿಯ ವಿಷಯ ಗ್ರಾಮಸಭೆಗೆ ಬಂದ ದಿನ ಆ ಪುಸ್ತಕವೂ ಸಭೆಯ ಮುಂದಿರಲಿ.